ಅಳಿವೆಯಿಂದ ಕಾನಿಗೆ: ಶರಾವತಿ ಕಣಿವೆಯ ಹಾದಿಗಳು

ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದದ್ದು 1342ರ ಸುಮಾರಿಗೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾ ದೇಶಕ್ಕೆ ರಾಯಭಾರಿಯಾಗಿ ಕಳುಹಿಸಿದ್ದ. ಕರಾವಳಿ ಹಿಡಿದು ದಕ್ಷಿಣಕ್ಕೆ ಸಾಗುತ್ತಿದ್ದ ಅವನಿಗೆ ದೊಡ್ಡ ಹಡಗುಗಳು ಒಳಗೆ ಬರಬಲ್ಲ ಅಳಿವೆಯೊಂದು ಸಿಕ್ಕಿತು. ಅದರ ದಂಡೆಯ ಪಟ್ಟಣವನ್ನು ಅವನು 'ಹಿನೌರ್' ಎಂದು ಕರೆಯುತ್ತಾನೆ. ಅಲ್ಲಿಯ ಜನ ಶಾಫಿ ಪಂಥದವರು, ಧರ್ಮನಿಷ್ಠರು, ಸಮುದ್ರ ವ್ಯಾಪಾರವೇ ಅವರ ಬದುಕು, ಹೊಲಗದ್ದೆಗಳಿಲ್ಲ ಎಂದು ಬರೆಯುತ್ತಾನೆ. ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಉದ್ದನೆಯ ವಸ್ತ್ರವನ್ನು ಸೊಂಟಕ್ಕೆ ಸುತ್ತಿ ಸೆರಗನ್ನು ತಲೆಗೂ ಎದೆಗೂ ಹೊದೆಯುತ್ತಾರೆ, ಮೂಗಿಗೆ ಚಿನ್ನದ ನತ್ತು ಇಡುತ್ತಾರೆ, ಎಲ್ಲರಿಗೂ ಕುರ್‌ಆನ್ ಬಾಯಿಪಾಠವಿದೆ ಎಂದೂ ಹೇಳುತ್ತಾನೆ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನೂ ಗಂಡುಮಕ್ಕಳಿಗೆ 23 ಶಾಲೆಗಳನ್ನೂ ಕಂಡೆನೆಂದು ಎಣಿಸಿ ಬರೆದಿದ್ದಾನೆ. ಹೆಣ್ಣುಮಕ್ಕಳು ಎಷ್ಟು ಓದಬೇಕು, ಎಲ್ಲಿಯವರೆಗೆ ಓದಬೇಕು ಎಂದು ನಮ್ಮ ಸಭೆಗಳಲ್ಲಿ ಈಗಲೂ ಚರ್ಚೆ ಏಳುವಾಗ ಯಾರಾದರೊಬ್ಬರು ಈ 13 ಎಂಬ ಸಂಖ್ಯೆಯನ್ನು ನೆನಪಿಸಿದರೆ ಒಳ್ಳೆಯದು.

ಆದರೆ ಈ ಲೇಖನಕ್ಕೆ ನಮಗೆ ಬೇಕಾದದ್ದು ಅವನ ಊಟದ ವರ್ಣನೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನನ ಮನೆಯಲ್ಲಿ ಅನ್ನಕ್ಕೆ ತುಪ್ಪ ಸುರಿದು, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಕಾಳುಮೆಣಸಿನ ಕರೆಗಳು, ಹಸಿಶುಂಠಿ, ನಿಂಬೆ, ಮಾವಿನಕಾಯಿಗಳನ್ನು ಬಡಿಸುತ್ತಿದ್ದರಂತೆ. ಕೊನೆಗೆ ಮೊಸರು. ಮುಂದೆ ಇದೇ ಊರಿನಲ್ಲಿ ಹನ್ನೊಂದು ತಿಂಗಳು ರೊಟ್ಟಿಯ ಮುಖವನ್ನೇ ಕಾಣದೆ ಬರೀ ಅನ್ನ ತಿಂದುಕೊಂಡಿದ್ದೆ ಎಂದು ಅವನು ನೆನೆಸಿಕೊಳ್ಳುತ್ತಾನೆ. ಹಸಿ ಕಾಳುಮೆಣಸಿನ ಉಪ್ಪಿನಕಾಯಿ, ಅಪ್ಪೆಮಿಡಿ, ಮೊಸರನ್ನ: ಇವತ್ತಿಗೂ ಉತ್ತರ ಕನ್ನಡದ ಯಾವ ಮನೆಯಲ್ಲಿ ಉಂಡರೂ ಎಲೆಯ ಮೇಲೆ ಇವು ಬರುತ್ತವೆ, ಆ ಮನೆ ಹವ್ಯಕರದ್ದಿರಲಿ ನವಾಯತರದ್ದಿರಲಿ. ಹೊಲಗದ್ದೆಗಳೇ ಇಲ್ಲದ ಊರಿಗೆ ಈ ಮೆಣಸು ಎಲ್ಲಿಂದ ಬಂತು? ಶರಾವತಿಯ ಮೇಲ್ದಂಡೆಯ ಕಾಡುಗಳಿಂದ. ಆ ಹಾದಿಯನ್ನು ಹಿಮ್ಮುಖವಾಗಿ, ಸಮುದ್ರದಿಂದ ಘಟ್ಟದ ಕಡೆಗೆ ನಾವು ಹತ್ತಿ ಹೋಗೋಣ.

ಜಮಾಲುದ್ದೀನ್ ಸುಲ್ತಾನನೆನಿಸಿಕೊಂಡರೂ 'ಹರ್ಯಬ್' ಎಂಬ ರಾಜನ ಅಧೀನನಾಗಿದ್ದ ಎಂದು ಬತೂತ ಸ್ಪಷ್ಟವಾಗಿ ಹೇಳುತ್ತಾನೆ. ಈ ಹರ್ಯಬ್ ವಿಜಯನಗರದ ಹರಿಹರನೇ ಇರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಡಗುಗಳು ಅವನವು, ನೆಲದ ಒಡೆತನ ಇವನದು. ಗೋವೆಯ ಮೇಲೆ 52 ಹಡಗುಗಳನ್ನು ಕೊಂಡೊಯ್ದ ಸುಲ್ತಾನ ತನ್ನೂರಿನಲ್ಲಿ ಒಬ್ಬ ಹಿಂದೂ ರಾಜನ ಮಾಂಡಲಿಕ. ಕರಾವಳಿಯ ಇತಿಹಾಸವನ್ನು ಎರಡು ಬಣ್ಣಗಳಲ್ಲಿ ಮಾತ್ರ ಬರೆಯುವವರಿಗೆ ಇದು ತುಸು ತೊಡಕಿನ ಸಂಗತಿ.

ಇಂದು ಹೊನ್ನಾವರದಲ್ಲಿ ಇಳಿದವರಿಗೆ ಮೊದಲು ಕಾಣುವುದು ನದಿಗಿಂತ ಹೆಚ್ಚಾಗಿ ಸೇತುವೆಗಳು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇಲ್ಲಿಯದೇ, ಎರಡು ಕಿ.ಮೀ. ದಾಟುತ್ತದೆ. ಕೆಳಗೆ ಅಳಿವೆಯ ಅಂಚಿನಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ವನದ ನಡುವೆ ಹಲಗೆಯ ಕಾಲುಹಾದಿ ಹಾಕಿದೆ. ಭರತದ ಹೊತ್ತಿಗೆ ಅದರ ಮೇಲೆ ನಿಂತರೆ ಬೇರುಗಳ ನಡುವೆ ನೀರು ಏರುವ ಸದ್ದು ಕೇಳುತ್ತದೆ. ಇಳಿತದಲ್ಲಿ ಕೆಸರಿನ ಮೇಲೆ ಏಡಿಗಳ ಓಡಾಟ. ನೋಡಲು ಸುಂದರ, ಸಂಶಯವಿಲ್ಲ. ಆದರೆ ಈ ಅಳಿವೆ ಬದಲಾಗಿದೆ. ಘಟ್ಟದ ಮೇಲಿನ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದು ಬರುವುದರಿಂದ ಇಲ್ಲಿಯ ಉಪ್ಪಿನಂಶ ತಗ್ಗಿ, ಬಳಚು ಮುಂತಾದ ಚಿಪ್ಪಿನ ಜೀವಿಗಳು ಬಹುಮಟ್ಟಿಗೆ ಕಾಣೆಯಾಗಿವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಹೆಂಗಸರು ಇನ್ನೂ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಬಳಚು ಹೆಕ್ಕುತ್ತಾರೆ. ಎರಡು ನದಿಗಳ ನಡುವೆ ಹೆಚ್ಚೇನೂ ದೂರವಿಲ್ಲ. ಘಟ್ಟದ ಮೇಲೆ ಕಟ್ಟಿದ ಗೋಡೆ ಸಮುದ್ರದ ಬಾಯಲ್ಲಿರುವ ಬಡವರ ಊಟವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಅಳಿವೆಯಿಂದ ಒಳಕ್ಕೆ ಹೋದಂತೆ ನದಿಯ ದಂಡೆಯಲ್ಲಿ ವಲ್ಕಿ, ಸಂಶಿ, ಉಪ್ಪೋಣಿಯಂತಹ ಊರುಗಳು. ತೆಂಗು ಅಡಿಕೆಯ ತೋಟಗಳ ಮಧ್ಯೆ ನವಾಯತರ ಮನೆಗಳು, ಮಸೀದಿಗಳು. ಭಟ್ಕಳ, ಮುರ್ಡೇಶ್ವರ, ಮಂಕಿಗಳಷ್ಟು ಇವು ಹೆಸರಾದ ಊರುಗಳಲ್ಲ. ಆದರೆ ನದಿಯೇ ಹೆದ್ದಾರಿಯಾಗಿದ್ದ ಕಾಲದಲ್ಲಿ ವ್ಯಾಪಾರಿಗಳು ಏಕೆ ಇಲ್ಲಿ ಬೀಡುಬಿಟ್ಟರು ಎಂಬುದು ನಕ್ಷೆ ನೋಡಿದರೆ ತಿಳಿಯುತ್ತದೆ. ಭರತದ ನೀರು ಹಿಡಿದು ದೋಣಿ ಹೋಗಬಹುದಾದ ಕೊನೆಯ ಊರು ಗೇರುಸೊಪ್ಪೆ, ಹೊನ್ನಾವರದಿಂದ ಸುಮಾರು 30 ಕಿ.ಮೀ. ಘಟ್ಟದ ಮೇಲಿನಿಂದ ಹೇರೆತ್ತುಗಳ ಬೆನ್ನ ಮೇಲೆ ಇಳಿದು ಬಂದ ಮೆಣಸಿನ ಮೂಟೆ ಇಲ್ಲಿ ದೋಣಿಗೆ ಬೀಳುತ್ತಿತ್ತು. ಎತ್ತು ನಿಲ್ಲುವ, ದೋಣಿ ಹೊರಡುವ ಜಾಗ ಯಾವತ್ತೂ ಪೇಟೆಯಾಗುತ್ತದೆ. ಗೇರುಸೊಪ್ಪೆ ಪೇಟೆಯಷ್ಟೇ ಅಲ್ಲ, ರಾಜಧಾನಿಯೂ ಆಯಿತು.

ಹೆಸರಿನ ಬಗ್ಗೆ ಒಂದು ಮಾತು. ಗೇರು ಎಂದರೆ ಇಂದು ನಮಗೆ ಗೋಡಂಬಿಯ ನೆನಪಾಗುತ್ತದೆ. ಗೋಡಂಬಿ ಪೋರ್ಚುಗೀಸರ ಜೊತೆ ಬಂದ ಮರ. ಅದಕ್ಕೂ ಮೊದಲು ಈ ನೆಲದಲ್ಲಿ ಗೇರು ಎಂಬುದು ಬೇರೆಯೇ ಮರವಾಗಿತ್ತು, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ರಸದ ಕಾಯಿಯದು. ಸಂಸ್ಕೃತದಲ್ಲಿ ಭಲ್ಲಾತಕ. ಅದಕ್ಕೇ ಗೇರುಸೊಪ್ಪೆಗೆ ಭಲ್ಲಾತಕೀಪುರ ಎಂಬ ಇನ್ನೊಂದು ಹೆಸರು. ಕ್ಷೇಮಪುರ, ನಗಿರೆ ಎಂಬ ಹೆಸರುಗಳೂ ಉಂಟು. ಆ ಗೇರಿನ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಘಟ್ಟದ ಮೇಲೆ ಮತ್ತೆ ಅದು ಎದುರಾಗುತ್ತದೆ.

ಗೇರುಸೊಪ್ಪೆಯಲ್ಲಿ ಆಳಿದ ಜೈನ ಅರಸರಲ್ಲಿ ಎಲ್ಲರಿಗಿಂತ ಹೆಸರಾದವಳು ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಸುಮಾರು 54 ವರ್ಷ ಅವಳ ಆಳ್ವಿಕೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಪೋರ್ಚುಗೀಸರು ಅವಳಿಗೆ ಇಟ್ಟ ಹೆಸರು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ. ಆ ಹೆಸರಿನಲ್ಲಿ ಮೆಚ್ಚುಗೆಯಿದ್ದಷ್ಟೇ ಆಸೆಯೂ ಇತ್ತು. 1569ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಲೂಯಿಸ್ ದ ಅತಾಯ್ದೆ ನೌಕಾಬಲದೊಂದಿಗೆ ಬಂದು ಹೊನ್ನಾವರವನ್ನು ಹಿಡಿದ. ಅಳಿವೆಯ ಬಾಯಿ ಕೈತಪ್ಪಿದ ಮೇಲೂ ರಾಣಿ ಒಳನಾಡಿನಲ್ಲಿ ದಶಕಗಳ ಕಾಲ ಉಳಿದಳು. ಏಕೆಂದರೆ ಮೆಣಸು ಬೆಳೆಯುವ ಕಾಡು ಅವಳ ಕೈಯಲ್ಲಿತ್ತು. ಕೊನೆಗೆ ಅವಳನ್ನು ಸೋಲಿಸಿದ್ದು ಸಮುದ್ರದಿಂದ ಬಂದವರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. ಸೆರೆಯಲ್ಲೇ ಅವಳು ತೀರಿಕೊಂಡಳೆಂದು ಹೇಳುತ್ತಾರೆ.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ದೋಣಿಯಲ್ಲಿ ಇದೇ ನದಿಯನ್ನು ಏರಿ ಬಂದ. ಎರಡೂ ದಂಡೆಯ ಹಸಿರನ್ನು ಕಂಡು ಮಾರುಹೋಗಿ, ತಾನು ನೋಡಿದ ನದಿಗಳಲ್ಲೇ ಇದು ಅತಿ ಸುಂದರವಾದವುಗಳ ಸಾಲಿಗೆ ಸೇರುವುದೆಂಬ ಅರ್ಥದಲ್ಲಿ ಹೊಗಳಿದ್ದಾನೆ. ಗೇರುಸೊಪ್ಪೆ ತಲುಪಿದಾಗ ಅವನು ಕಂಡದ್ದು ಪಾಳುಬಿದ್ದ ನಗರ. ರಾಣಿಯ ಅರಮನೆಯೊಳಗೆ ಮರಗಳು ಬೆಳೆದಿದ್ದವು. ಅವಳು ಹೋಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ರಾಜ್ಯ ಏಕೆ ಬಿತ್ತು ಎಂಬುದಕ್ಕೆ ಅವನು ಕೊಡುವ ಕಾರಣ ಮಾತ್ರ ವಿಚಿತ್ರ. ರಾಣಿ ಕೀಳು ಕುಲದ ಪರಕೀಯನೊಬ್ಬನನ್ನು ಪ್ರೀತಿಸಿ ಅಧಿಕಾರವನ್ನು ಅವನ ಕೈಗಿಟ್ಟಳಂತೆ, ಅವನು ತಿರುಗಿಬಿದ್ದನಂತೆ. ದಾರಿಯಲ್ಲಿ ಯಾರೋ ಹೇಳಿದ್ದನ್ನು ಅವನು ಬರೆದುಕೊಂಡ. ಅರ್ಧ ಶತಮಾನ ಆಳಿದ, ಮೆಣಸಿನ ಬೆಲೆಗೆ ಪೋರ್ಚುಗೀಸರೊಡನೆ ಚೌಕಾಸಿ ಮಾಡಿದ, ಯುದ್ಧಗಳನ್ನು ತಾಳಿಕೊಂಡ ಹೆಂಗಸಿನ ಸೋಲಿಗೆ ಒಂದು ಪ್ರೇಮಪ್ರಕರಣವೇ ಸಾಕೆಂದು ತೋರಿತು, ಹೇಳಿದವನಿಗೂ ಬರೆದವನಿಗೂ. ವೆಂಕಟಪ್ಪ ನಾಯಕನ ಬಳಿ ದೊಡ್ಡ ಸೈನ್ಯವಿತ್ತು, ಅವನಿಗೂ ಮೆಣಸಿನ ವ್ಯಾಪಾರ ಬೇಕಿತ್ತು ಎಂಬುದು ನಮಗೆ ಹೆಚ್ಚು ನಂಬಲರ್ಹ ಕಾರಣ. ರಾಜರು ಸೋತರೆ ಸೈನ್ಯದ ಲೆಕ್ಕ, ರಾಣಿಯರು ಸೋತರೆ ನಡತೆಯ ಲೆಕ್ಕ. ಈ ಚಾಳಿ ಇಟಲಿಯವನದೊಂದೇ ಅಲ್ಲ.

ಆ ಪಾಳು ನಗರ ಈಗ ನಗರಬಸ್ತಿಕೇರಿ ಎಂಬ ಹಳ್ಳಿ. ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ, 16ನೇ ಶತಮಾನದ್ದು. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಬಾಗಿಲಿಗೂ ಎದುರಾಗಿ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ಕು ಜಿನಬಿಂಬಗಳು. ಯಾವ ಬಾಗಿಲಿನಿಂದ ಹೋದರೂ ಒಂದೇ ಶಾಂತ ಮುಖ. ಬಸದಿಯಿಂದ ಸುತ್ತಲಿನ ಇತರ ಬಸ್ತಿಗಳ ಅವಶೇಷಗಳಿಗೆ ಕಾಲುದಾರಿಗಳಿವೆ, ಮರದ ಬೇರುಗಳು ಕಟ್ಟೆಗಳನ್ನು ಸೀಳಿರುವುದು ಉದ್ದಕ್ಕೂ ಕಾಣುತ್ತದೆ. ನಾವು ಹೋದದ್ದು ನವೆಂಬರಿನಲ್ಲಿ. ಒಂದು ತಾಸು ನಮ್ಮನ್ನು ಬಿಟ್ಟರೆ ಬೇರೆ ಮನುಷ್ಯರ ಸುಳಿವಿರಲಿಲ್ಲ. ಕೇಳುತ್ತಿದ್ದುದು ದೂರದಲ್ಲೆಲ್ಲೋ ಮಲಬಾರ್ ಕಪ್ಪುಬಿಳಿ ಮಂಗಟ್ಟೆಯ ಕೂಗು ಮಾತ್ರ.

ಗೇರುಸೊಪ್ಪೆ ದಾಟಿದರೆ ಮಾಲೆಮನೆ ಘಟ್ಟ. ಬಸ್ಸಿನಲ್ಲಿ ಹೋಗುವವರು ತಿರುವುಗಳಿಗೆ ತಲೆ ಸುತ್ತಿ ಕಣ್ಣು ಮುಚ್ಚುತ್ತಾರೆ, ಅದು ನಷ್ಟ. ಘಟ್ಟದ ಮೇಲೆ, ಸಿದ್ದಾಪುರ ತಾಲ್ಲೂಕಿನಲ್ಲಿ, ಕತ್ತಲೆಕಾನು. ಹೆಸರೇ ಹೇಳುವಂತೆ ನಡುಹಗಲಿನಲ್ಲೂ ಮಬ್ಬುಗತ್ತಲೆ. ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ರಾಮಪತ್ರೆಯ ಜೌಗು. ಹಳ್ಳದ ಕೆಸರಿನಲ್ಲಿ ನಿಂತ ಮರಗಳು ಉಸಿರಾಡಲು ಮೊಣಕಾಲಿನಂತೆ ಬಗ್ಗಿದ ಬೇರುಗಳನ್ನು ಮೇಲೆತ್ತಿರುತ್ತವೆ, ಊರುಗೋಲಿನಂತಹ ಬೇರುಗಳೂ ಇವೆ. ಇಂತಹ ಜೌಗುಕಾಡು ಹೂಬಿಡುವ ಸಸ್ಯಗಳ ಅತಿ ಪುರಾತನ ವಂಶಗಳಲ್ಲೊಂದರ ಮನೆ. ಪಶ್ಚಿಮಘಟ್ಟದಲ್ಲಿ ಉಳಿದಿರುವುದು ಚೂರುಪಾರು ಮಾತ್ರ, ಹೆಚ್ಚಿನವು ಗದ್ದೆ ತೋಟಗಳಾಗಿ ಹೋಗಿವೆ. 2000ದಲ್ಲಿ ಇಲ್ಲಿಂದ ಒಂದು ಮರವನ್ನು ಸಸ್ಯಶಾಸ್ತ್ರಕ್ಕೆ ಹೊಸದೆಂದು ವರದಿ ಮಾಡಿದರು. ಅದರ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಸೆಮೆಕಾರ್ಪಸ್ ಎಂದರೆ ಅದೇ ಗೇರಿನ ಕುಲ. ಗೇರಿನ ಸೊಪ್ಪಿನಿಂದ ಹೆಸರು ಪಡೆದ ಊರಿನ ನೆತ್ತಿಯ ಮೇಲೆ, ಜಗತ್ತಿಗೆ ಗೊತ್ತೇ ಇರದ ಇನ್ನೊಂದು ಗೇರು ಅಷ್ಟು ಕಾಲ ಕೆಸರಿನಲ್ಲಿ ನಿಂತಿತ್ತು.

ಕಾನು ಎಂಬ ಮಾತನ್ನು ಸುಮ್ಮನೆ ಕಾಡು ಎಂದು ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ಕಾನು ಎಂದರೆ ಊರಿನವರು ಕೊಡಲಿ ಹಾಕದೆ ಉಳಿಸಿಕೊಂಡ ದಟ್ಟ ಹಸಿರುಕಾಡು. ಅದರಲ್ಲಿ ದೇವರು ಇರುತ್ತದೆ, ಊರಿಗೆ ನೀರು ಕೊಡುವ ಒರತೆ ಇರುತ್ತದೆ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯೂ ಇರುತ್ತದೆ. ಇಬ್ನ್ ಬತೂತನ ತಟ್ಟೆಗೆ ಬಂದ ಮೆಣಸು, ಚೆನ್ನಭೈರಾದೇವಿಯ ಬೊಕ್ಕಸ ತುಂಬಿದ ಮೆಣಸು ಇಂತಹ ಕಾನುಗಳದ್ದು. 1801ರಲ್ಲಿ ಕೆನರಾ ಪ್ರಾಂತ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಕಾಡುಗಳು ಊರದೇವರ ಆಸ್ತಿ, ಪೂಜಾರಿಯ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ ಎಂದು ಜನ ಹೇಳಿದ್ದನ್ನು ದಾಖಲಿಸಿದ್ದಾನೆ. ಜೊತೆಗೆ, ಇದು ಸರಕಾರ ತನ್ನ ಸೊತ್ತನ್ನು ಕೇಳದಂತೆ ಮಾಡಲು ಹೂಡಿದ ಉಪಾಯವಷ್ಟೆ ಎಂದು ತನ್ನ ಅನುಮಾನವನ್ನೂ ಸೇರಿಸಿದ. ಈ ಅನುಮಾನವೇ ಮುಂದಿನ ನೂರು ವರ್ಷಗಳ ನೀತಿಯಾಯಿತು. ಕುಮ್ರಿ ಬೇಸಾಯಕ್ಕೆ ಕಡಿವಾಣ ಬಿತ್ತು. 1878ರ ಅರಣ್ಯ ಕಾಯ್ದೆಯ ನಂತರ ಕಾಡು ಸರಕಾರದ್ದಾಯಿತು, ಊರವರು ಅಲ್ಲಿ ಅನುಮತಿ ಕೇಳಿ ಕಾಲಿಡುವವರಾದರು. 'ರಕ್ಷಿತ' ಎಂಬ ಫಲಕ ಈ ಕಣಿವೆಗೆ ಬಂದದ್ದು ಬಹಳ ತಡವಾಗಿ. ರಕ್ಷಣೆ ಅದಕ್ಕೂ ಹಿಂದಿನದು.

ಜೋಗದ ಬಗ್ಗೆ ಹೊಸದಾಗಿ ಹೇಳುವುದು ಕಷ್ಟ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕು ಸೀಳು, 830 ಅಡಿ ಎತ್ತರ. ಬ್ರಿಟಿಷರ ಕಾಲದ ಬರಹಗಳಲ್ಲಿ ಇದನ್ನು ಗೇರುಸೊಪ್ಪೆ ಜಲಪಾತ ಎಂದೇ ಕರೆದರು. ನಾವು ಗಮನಿಸಬೇಕಾದ್ದು ಎರಡು ದಂಡೆಯ ಎರಡು ಬಂಗಲೆಗಳನ್ನು. ಒಂದಕ್ಕೆ ಮೈಸೂರು ಬಂಗಲೆ, ಇನ್ನೊಂದಕ್ಕೆ ಬಾಂಬೆ ಬಂಗಲೆ ಎಂದು ಹೆಸರು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರವರೆಗೆ ಜಲಪಾತದ ಒಂದು ದಡ ಮೈಸೂರು, ಇನ್ನೊಂದು ದಡ ಮುಂಬಯಿ. ಒಂದೇ ನೀರನ್ನು ಎರಡು ರಾಜ್ಯಗಳಲ್ಲಿ ನಿಂತು ನೋಡುತ್ತಿದ್ದರು, ಎರಡೂ ಕಡೆ ಮಾತಾಡುತ್ತಿದ್ದುದು ಕನ್ನಡ. ಪ್ರವಾಸಿಗಳು ಮೈಸೂರು ಕಡೆಯ ವೀಕ್ಷಣಾ ಜಾಗದಲ್ಲೇ ಗುಂಪುಗೂಡುತ್ತಾರೆ. ಬಾಂಬೆ ಬಂಗಲೆಯ ಕಡೆಗೆ ಹೋದರೆ ಜಲಪಾತದ ನೆತ್ತಿಯ ಬಂಡೆಗಳು ಕಾಣುತ್ತವೆ, ನದಿ ಬೀಳುವ ಮುನ್ನ ಹೇಗಿರುತ್ತದೆ ಎಂಬುದು ತಿಳಿಯುತ್ತದೆ. ಕೆಳಗಿನ ಗುಂಡಿಗೆ ಸುಮಾರು 1,400 ಮೆಟ್ಟಿಲುಗಳು. ಮಳೆ ಜೋರಾದಾಗ ಆ ದಾರಿಯನ್ನು ಮುಚ್ಚುತ್ತಾರೆ, ಮುಚ್ಚಿದ್ದರೆ ವಾದ ಮಾಡದೆ ಹಿಂದಿರುಗುವುದೇ ಜಾಣತನ.

ಕನ್ನಡಿಗರೆಲ್ಲರ ಬಾಯಲ್ಲಿರುವ ಕೆ.ಎಸ್. ನಿಸಾರ್ ಅಹಮದರ 'ನಿತ್ಯೋತ್ಸವ' ಜೋಗದಿಂದಲೇ ಶುರುವಾಗುತ್ತದೆ. ನಿಸಾರರು ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದಲ್ಲೂ ಪಾಠ ಹೇಳಿದವರು. ಕಲ್ಲಿನ ವಯಸ್ಸು ಬಲ್ಲವರು ನೀರಿನ ಬೆಳಕನ್ನು ಹಾಡಿದರು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಲಾಕ್‌ಡೌನ್ ಇತ್ತು, ನಾಡಹಬ್ಬಗಳಲ್ಲಿ ಅವರ ಹಾಡು ಹಾಡಿದ ಲಕ್ಷಾಂತರ ಮಂದಿ ಮನೆಯೊಳಗೇ ಉಳಿಯಬೇಕಾಯಿತು.

ಜೋಗವನ್ನು ನೋಡಿದ ಸರ್ ಎಂ. ವಿಶ್ವೇಶ್ವರಯ್ಯನವರು ಎಷ್ಟೊಂದು ಶಕ್ತಿ ವ್ಯರ್ಥ ಎಂದು ಉದ್ಗರಿಸಿದರೆಂಬ ಕಥೆ ಜನಜನಿತ. ಕಥೆ ನಿಜವಿರಲಿ ಇಲ್ಲದಿರಲಿ, 20ನೇ ಶತಮಾನ ಈ ಕಣಿವೆಯನ್ನು ನೋಡಿದ್ದು ಆ ಕಣ್ಣಿನಿಂದಲೇ. 1939ರಲ್ಲಿ ಕಾಮಗಾರಿ ಆರಂಭವಾಗಿ, 1948ರ ಫೆಬ್ರವರಿಯಲ್ಲಿ ಜೋಗದ ಬುಡದ ವಿದ್ಯುದಾಗಾರ ಉದ್ಘಾಟನೆಯಾಯಿತು. ಗಾಂಧೀಜಿ ತೀರಿಕೊಂಡು ತಿಂಗಳಾಗಿರಲಿಲ್ಲ, ಅದಕ್ಕೆ ಮುಂದೆ ಅವರ ಹೆಸರೇ ಬಂತು. ಸಾಮರ್ಥ್ಯ ಈಗ 139.2 ಮೆಗಾವಾಟ್. ಬಳಿಕ 1964ರಲ್ಲಿ ಲಿಂಗನಮಕ್ಕಿ: 2.7 ಕಿ.ಮೀ. ಉದ್ದದ ಅಣೆಕಟ್ಟು, 151 ಟಿಎಂಸಿಗೂ ಮೇಲ್ಪಟ್ಟ ನೀರು. ತಳಕಳಲೆಯ ಸಮತೋಲನ ಜಲಾಶಯದ ಮೂಲಕ ಸಾಗಿ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುವ ಈ ನೀರು ಒಂದು ಕಾಲಕ್ಕೆ ರಾಜ್ಯದ ಬಹುಪಾಲು ದೀಪಗಳನ್ನು ಉರಿಸಿತು. ಅದರ ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟ್‌ನ ಇನ್ನೊಂದು. ಜೋಗದಲ್ಲಿ ನಾವು ಇಂದು ಕಾಣುವುದು ಈ ಎಲ್ಲ ಲೆಕ್ಕ ಕಳೆದು ಉಳಿದ ನೀರು. ಅಣೆಕಟ್ಟು ತುಂಬಿ ಬಾಗಿಲು ತೆರೆದ ದಿನ ಮಾತ್ರ ರಾಜ ರಾಜನಾಗಿ ಬೀಳುತ್ತಾನೆ.

ಲಿಂಗನಮಕ್ಕಿ ತುಂಬಿದ ಎಂಟು ವರ್ಷಗಳಿಗೆ, 1972ರಲ್ಲಿ, ಕಣಿವೆಯ 431 ಚದರ ಕಿ.ಮೀ. ಪ್ರದೇಶವನ್ನು ವನ್ಯಧಾಮವೆಂದು ಸಾರಲಾಯಿತು. 2019ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಮುಂತಾದ ಕಾಡುಗಳನ್ನು ಸೇರಿಸಿ ಅದು 930 ಚದರ ಕಿ.ಮೀ.ಗಳ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ನೆಲೆಯ ಉತ್ತರದ ತುದಿ ಇದೇ ಕಣಿವೆ. ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಗೊಂಡೆಯಂತಹ ಬಾಲ. ಅದು ಮರದ ನೆತ್ತಿ ಬಿಟ್ಟು ಇಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗಿಕೊಂಡಿರುವ ಕಾಡು ಬೇಕು. ಮಧ್ಯೆ ಒಂದು ಅಗಲದ ರಸ್ತೆ ಬಿದ್ದರೂ ಗುಂಪು ಎರಡಾಗುತ್ತದೆ. ಹಾಗಾಗಿ ಸಿಂಗಳೀಕಕ್ಕೆ ಎಷ್ಟು ಮರ ಕಡಿದರು ಎಂಬುದಕ್ಕಿಂತ ಎಲ್ಲಿ ಕಡಿದರು ಎಂಬುದೇ ದೊಡ್ಡ ಪ್ರಶ್ನೆ.

ಈ ಪ್ರಶ್ನೆ ಈಗ ಬರೀ ಪುಸ್ತಕದ್ದಲ್ಲ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಅಭಯಾರಣ್ಯದೊಳಗೆ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರಕಾರ ಮುಂದಿಟ್ಟಿದೆ. ಕೆಲಸ ಮಾಡುವ ರೀತಿ ಹೀಗೆ: ವಿದ್ಯುತ್ತು ಹೆಚ್ಚಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗಿಳಿಸಿ ವಿದ್ಯುತ್ತು ಮಾಡುವುದು. ಎತ್ತಲು ಖರ್ಚಾಗುವಷ್ಟು ಇಳಿಸುವಾಗ ಮರಳಿ ಬರುವುದಿಲ್ಲ. ಆದರೆ ಸೌರ ಮತ್ತು ಗಾಳಿ ವಿದ್ಯುತ್ತನ್ನು ಕೂಡಿಡಲು ಇದೇ ದಾರಿ, ಎರಡು ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಬೇಡ ಎಂಬುದು ಸರಕಾರದ ವಾದ. ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸುರಂಗಗಳಿಗೆ, ರಸ್ತೆಗಳಿಗೆ, ಅಗೆದ ಮಣ್ಣು ಸುರಿಯಲು 50 ಹೆಕ್ಟೇರಿಗೂ ಹೆಚ್ಚು ಅರಣ್ಯ ಬೇಕು, ಸುಮಾರು 16,000 ಮರಗಳು ಹೋಗಬೇಕು. ಹೋಗುವುದು ಸಿಂಗಳೀಕದ ಓಡಾಟದ ನಟ್ಟನಡುವೆ, ಮಳೆಗೆ ಸುಲಭವಾಗಿ ಜರಿಯುವ ಇಳಿಜಾರಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಯ ಕಡೆ ಸಾರ್ವಜನಿಕ ಅಹವಾಲು ಸಭೆಗಳು ನಡೆದಾಗ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ವಿರೋಧಿಸಿದರು. ವಿರೋಧಿಸಿದವರಲ್ಲಿ ಪರಿಸರ ಸಂಘಟನೆಗಳವರಷ್ಟೇ ಇರಲಿಲ್ಲ, ಅಡಿಕೆ ತೋಟದವರು, ಮೀನುಗಾರರು, ಮಠದವರು ಎಲ್ಲರೂ ಇದ್ದರು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜಿಲ್ಲೆಯೇ ಬಂದ್ ಆಗಿದ್ದನ್ನು ಓದುಗರು ಮರೆತಿರಲಾರರು.

ಈ ಸಿಟ್ಟಿನ ಬೇರು ಹಿನ್ನೀರಿನ ತಳದಲ್ಲಿದೆ. ಲಿಂಗನಮಕ್ಕಿಗಾಗಿ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಗೇಣಿದಾರರು ನೆಲದ ಹಕ್ಕಿಗಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ಹೂಡಿದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಆ ಹೋರಾಟದ ನೆನಪು ಇನ್ನೂ ಹಸಿಯಾಗಿರುವಾಗಲೇ ನೀರು ಬಂತು. ಒಕ್ಕಲೆದ್ದವರನ್ನು ಶಿವಮೊಗ್ಗ ಜಿಲ್ಲೆಯ ಅಲ್ಲಲ್ಲಿ ಅರಣ್ಯ ಭೂಮಿಯಲ್ಲಿ ತಂದು ಇಳಿಸಿದರು. ಅನೇಕರಿಗೆ ಹಕ್ಕುಪತ್ರ ಮಾತ್ರ ಸಿಗಲಿಲ್ಲ. ಮುಂದೆ ರಾಜ್ಯ ಸರಕಾರ ಅಂತಹ ಭೂಮಿಯನ್ನು ಅರಣ್ಯದ ಪಟ್ಟಿಯಿಂದ ಬಿಡಿಸಿದಾಗ, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು. ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ಇಂದಿಗೂ ಅರಣ್ಯ ಒತ್ತುವರಿದಾರರೆಂಬ ಹೆಸರು ಹೊತ್ತಿದ್ದಾರೆ. ಒಂದೇ ಕಾನೂನು ಯೋಜನೆಗೆ 16,000 ಮರ ಕಡಿಯಲು ದಾರಿ ಹುಡುಕುತ್ತದೆ, ಇವರ ನಾಲ್ಕೆಕರೆಗೆ ದಾರಿ ಕಾಣುವುದಿಲ್ಲ. ಈ ನೋವನ್ನು ಕನ್ನಡಕ್ಕೆ ತಂದವರು ನಾ. ಡಿಸೋಜ. ಶರಾವತಿ ಯೋಜನೆಯಲ್ಲೇ ನೌಕರರಾಗಿದ್ದ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. ಗಿರೀಶ ಕಾಸರವಳ್ಳಿಯವರು 2002ರಲ್ಲಿ 'ದ್ವೀಪ'ವನ್ನು ಸಿನಿಮಾ ಮಾಡಿದರು. ಡಿಸೋಜರು 2025ರ ಜನವರಿಯಲ್ಲಿ ನಿಧನರಾದರು. ಹಿನ್ನೀರಿನಿಂದ ನಿಜವಾಗಿಯೇ ದ್ವೀಪವಾಗಿದ್ದ ತುಮರಿ ಕಡೆಯ ಹಳ್ಳಿಗಳಿಗೆ ಅದೇ ವರ್ಷ ಜುಲೈ 14ರಂದು ಸೇತುವೆ ಬಂತು: ಅಂಬಾರಗೋಡ್ಲು–ಕಳಸವಳ್ಳಿ ನಡುವೆ, 2.44 ಕಿ.ಮೀ. ಆರು ದಶಕಗಳ ಕಾಲ ಹೆರಿಗೆಗೂ ಹೆಣಕ್ಕೂ ಲಾಂಚಿಗಾಗಿ ಕಾದ ಜನ ಅವರು.

ಕಣಿವೆಯ ಒಳಗೆ ನಡೆಯಬೇಕೆನ್ನುವವರಿಗೆ ಕೆಲವು ಮಾತು. ಕಾರ್ಗಲ್ ಬಳಿಯ ಮುಪ್ಪಾನೆಯಲ್ಲಿ ಹಿನ್ನೀರಿನ ದಂಡೆಯಲ್ಲೇ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಚೆನ್ನಭೈರಾದೇವಿಯ ಹೆಸರಿನೊಂದಿಗೆ ತಳಕು ಹಾಕಿಕೊಂಡ ಕಾನೂರು ಕೋಟೆ, ಭಟ್ಕಳ ರಸ್ತೆಯ ಕಡೆಯ ದಬ್ಬೆ ಜಲಪಾತ ಎರಡೂ ಅಭಯಾರಣ್ಯದ ಒಳಗಿನವು. ಇಲಾಖೆಯ ಅನುಮತಿ, ದಾರಿ ಬಲ್ಲ ಸ್ಥಳೀಯರೊಬ್ಬರು ಇಲ್ಲದೆ ಹೊರಡಬಾರದು. ಮಳೆಗಾಲದಲ್ಲಿ ಉಂಬಳ ರಕ್ತ ಹೀರುತ್ತದೆ, ಅದಕ್ಕೆ ಸುಣ್ಣ ಹೊಗೆಸೊಪ್ಪು ಸಾಕು. ಬೇಸಗೆಯ ಉಣುಗು ಹಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. 2019ರಲ್ಲಿ ಈ ಕಣಿವೆಯ ಅರಳಗೋಡು ಸುತ್ತ ಅದು ಹಲವರನ್ನು ಬಲಿ ತೆಗೆದುಕೊಂಡಿತು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಅಲ್ಲಿಂದಲೇ ಹಿಂದಿರುಗಿ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಇನ್ನೊಂದು ಜಾಗ ನಕ್ಷೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ವರ್ಷವೆಲ್ಲಾ ಇರುವುದೂ ಇಲ್ಲ. ಲಿಂಗನಮಕ್ಕಿಗೆ ಮೊದಲು ಜೋಗದ ವಿದ್ಯುದಾಗಾರಕ್ಕಾಗಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಇಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳು ಅದರ ವಿಶೇಷ, ನೀರು ಒಂದು ಮಟ್ಟ ಮುಟ್ಟಿದೊಡನೆ ಬಾಗಿಲು ತೆರೆಯುವ ಕೆಲಸವಿಲ್ಲದೆ ತಾನೇ ಸುಳಿಯಾಗಿ ಹೊರಬೀಳುತ್ತಿತ್ತು. ಹದಿನಾರು ವರ್ಷ ಕೆಲಸ ಮಾಡಿದ ಆ ಅಣೆಕಟ್ಟನ್ನು 1964ರಲ್ಲಿ ದೊಡ್ಡ ಅಣೆಕಟ್ಟಿನ ನೀರು ನುಂಗಿತು. ಬೇಸಗೆಯಲ್ಲಿ ಹಿನ್ನೀರು ಚೆನ್ನಾಗಿ ಇಳಿದ ವರ್ಷ ಅದು ಮೇಲೇಳುತ್ತದೆ. ಬಿರುಕು ಬಿಟ್ಟ ಕೆಂಪು ಮಣ್ಣಿನ ಮೇಲೆ, ಮುಳುಗಿದ ಮರಗಳ ಬೊಡ್ಡೆಗಳ ನಡುವೆ ನಡೆದು ಅದರ ಬಳಿ ಹೋಗಬಹುದು. ನಾವು ಹೋದಾಗ ವಯಸ್ಸಾದ ಒಬ್ಬರು ಮೊಮ್ಮಗನ ಜೊತೆ ಅಲ್ಲಿ ನಿಂತಿದ್ದರು. "ನಮ್ಮ ಮನೆ ಅಲ್ಲಿತ್ತು ಮಾರಾಯ್ರೆ, ಆ ದಿಬ್ಬದ ಆಚೆ" ಎಂದು ಕೈ ತೋರಿಸಿದರು. ದಿಬ್ಬದ ಆಚೆ ಇನ್ನೂ ನೀರಿತ್ತು. ಇನ್ನೆರಡು ಅಡಿ ಇಳಿದರೆ ಬಾವಿಕಟ್ಟೆ ಕಾಣುತ್ತದೆ ಎಂದರು. ಆಗ ಮೇ ಕೊನೆಯ ವಾರ, ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು.